ಫ್ರಿಜ್ಜಿನ ಸದ್ದೂ ಗಡಿಯಾರವೂ

ಫ್ರಿಜ್ಜಿನ ಸದ್ದಿನ ಬಗ್ಗೆ ಕೇಳಿಬರುವ ದೂರುಗಳಲ್ಲಿ ಹೆಚ್ಚಿನವು ರಾತ್ರಿಯವು. ಹಗಲಲ್ಲೂ ಆ ಯಂತ್ರ ಅಷ್ಟೇ ಸದ್ದು ಮಾಡುತ್ತಿರುತ್ತದೆ. ಮಿಕ್ಸಿ, ಕುಕ್ಕರು, ಟೀವಿಗಳ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ. ಹೀಗಾಗಿ ಸದ್ದು ಎಷ್ಟು ಜೋರು ಎನ್ನುವುದು ಫ್ರಿಜ್ಜಿಗಿಂತ ಹೆಚ್ಚಾಗಿ ಮನೆಯ ಬಗ್ಗೆಯೇ ಹೇಳುತ್ತದೆ: ಸುತ್ತ ಎಷ್ಟು ನಿಶ್ಶಬ್ದ, ನೆಲ ಸಮವಾಗಿದೆಯೇ, ಹಿಂಬದಿ ಗೋಡೆಗೆ ತಾಗಿದೆಯೇ ಎಂದು. ಯಂತ್ರದ ಆರೋಗ್ಯ ತಿಳಿಯಬೇಕಾದರೆ ಗಡಿಯಾರ ನೋಡಬೇಕು ಎಂಬುದು ಇಷ್ಟು ವರ್ಷಗಳ ಬಳಕೆಯಲ್ಲಿ ನಾನು ಕಲಿತದ್ದು. ಸದ್ದು ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು, ನಿಂತ ಮೇಲೆ ಏನಾಯಿತು, ಮತ್ತೆ ಯಾವಾಗ ಬಂತು ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ಭಯ ಅಲ್ಲಿಗೇ ಹೋಗುತ್ತದೆ.

ಕಂಪ್ರೆಸರಿನ ‘ಗುಂಯ್’ ಎಲ್ಲರಿಗೂ ಗೊತ್ತಿರುವುದೇ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಪ್ರತಿ ಆವರ್ತದಲ್ಲೂ ಮೋಟಾರಿನ ಕಬ್ಬಿಣ ಎರಡು ಸಲ ಸೆಳೆತಕ್ಕೆ ಸಿಕ್ಕಿ ನಡುಗುವುದರಿಂದ 100 ಹರ್ಟ್ಸ್‌ನ ಆ ತಗ್ಗು ದನಿ ಹುಟ್ಟುತ್ತದೆ. ಉಕ್ಕಿನ ಡಬ್ಬಿಯೊಳಗೆ ಸ್ಪ್ರಿಂಗುಗಳ ಮೇಲೆ ಕೂತ ಮೋಟಾರು ನಿಲ್ಲುವಾಗ ಒಮ್ಮೆ ಓಲಾಡುವುದರಿಂದ ‘ದಡಕ್’ ಎನ್ನುತ್ತದೆ. ಜನ ಹೆಚ್ಚು ಹೆದರುವುದು ಇದಾದ ಮೇಲೆ ಕೇಳುವ ಗುಳುಗುಳು ಸದ್ದಿಗೆ. ಗ್ಯಾಸ್ ಸೋರುತ್ತಿದೆ ಎಂಬ ಅನುಮಾನ. ನಿಜವಾಗಿ ಆಗ ಒಂದು ಬದಿಯಲ್ಲಿ ಒತ್ತಡಕ್ಕೆ ಸಿಕ್ಕಿದ್ದ ಅನಿಲ ತೀರಾ ಸಪೂರ ನಳಿಗೆಯ ಮೂಲಕ ಇನ್ನೊಂದು ಬದಿಗೆ ಹರಿದು ಸಮವಾಗುತ್ತಿರುತ್ತದೆ. ಕೆಲವು ನಿಮಿಷಗಳಲ್ಲಿ ಮುಗಿಯುವ ಆ ಗುಳುಗುಳು ಒಳಗೆ ಅನಿಲ ಇದೆ ಎಂಬುದಕ್ಕೇ ಸಾಕ್ಷಿ. ಸೋರಿಕೆಗೆ ಸಾಮಾನ್ಯವಾಗಿ ಸದ್ದಿರುವುದಿಲ್ಲ. ಈಗಿನ ಹೆಚ್ಚಿನ ಮನೆ ಫ್ರಿಜ್ಜುಗಳಲ್ಲಿ ಇರುವ ಐಸೊಬ್ಯುಟೇನ್ ನೂರು ಗ್ರಾಂ ಕೂಡ ಇರುವುದಿಲ್ಲ, ಅದು ಕಣ್ಣಿಗೆ ಕಾಣದ ರಂಧ್ರದಿಂದ ದಿನಗಟ್ಟಲೆ ಹೋಗುತ್ತದೆ. ಇಲ್ಲೇ ಒಂದು ಮಾತು: ಅಡುಗೆ ಸಿಲಿಂಡರಿನಂತೆ ಫ್ರಿಜ್ಜಿನ ಗ್ಯಾಸ್ ಬಳಸಿ ಮುಗಿಯುವಂಥದ್ದಲ್ಲ. ‘ಗ್ಯಾಸ್ ಮುಗಿದಿದೆ, ತುಂಬಿಸಬೇಕು’ ಎಂದಷ್ಟೇ ಹೇಳುವ ಮೆಕ್ಯಾನಿಕ್‌ಗೆ, ಎಲ್ಲಿ ಸೋರಿತು ಎಂದು ಕೇಳಲೇಬೇಕು.

ನನ್ನ ವಾದಕ್ಕೆ ಗಟ್ಟಿ ಪುರಾವೆ ಕರೆಂಟು ಹೋಗಿ ಬಂದಾಗ ಸಿಗುತ್ತದೆ. ಹೋದ ಕರೆಂಟು ಅರೆಕ್ಷಣದಲ್ಲೇ ಮರಳಿದರೆ ಒಳಗಿನ ಒತ್ತಡ ಇನ್ನೂ ಸಮವಾಗಿರುವುದಿಲ್ಲ. ಮೋಟಾರು ತಿರುಗಲು ಹೆಣಗುತ್ತದೆ, ತಿರುಗಲಾಗದೆ ಕಾಯುತ್ತದೆ, ಓವರ್‌ಲೋಡ್ ಸ್ವಿಚ್ಚು ‘ಟಿಕ್’ ಎಂದು ಕರೆಂಟು ಕಡಿಯುತ್ತದೆ. ತುಸು ತಣಿದ ಮೇಲೆ ಮತ್ತೆ ಟಿಕ್, ಗುಂಯ್, ಟಿಕ್. ಎರಡು ಮೂರು ಸಲ ಹೀಗಾಗಿ ಯಂತ್ರ ಓಡತೊಡಗಿದರೆ ಚಿಂತೆಯಿಲ್ಲ. ಸ್ಟೆಬಿಲೈಸರ್ ಸುಮಾರು ಮೂರು ನಿಮಿಷ ತಡೆದು ಕರೆಂಟು ಬಿಡುವುದು ಈ ಹೆಣಗಾಟ ತಪ್ಪಿಸಲೆಂದೇ. ಆದರೆ ಇದೇ ಟಿಕ್-ಗುಂಯ್-ಟಿಕ್, ಇಷ್ಟೇ ಮೆಲ್ಲಗೆ, ಗಂಟೆಗಟ್ಟಲೆ ಮುಂದುವರಿದರೆ ಕಂಪ್ರೆಸರ್ ಒಮ್ಮೆಯೂ ಓಡಿಲ್ಲ ಎಂದರ್ಥ. ಮೋಟಾರಿಗೆ ಚಾಲನೆ ಕೊಡುವ ರಿಲೇ ಕೆಟ್ಟಿರಬಹುದು, ಕಂಪ್ರೆಸರೇ ಬಿಗಿದುಕೊಂಡಿರಬಹುದು. ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ಬಿಟ್ಟೊಡನೆ ವೋಲ್ಟೇಜ್ ಕುಸಿಯುವ ಊರಾದರೆ ಕೆಟ್ಟಿರುವುದು ಫ್ರಿಜ್ಜೇ ಅಲ್ಲದಿರಬಹುದು. ಮೂರೂ ಸಂದರ್ಭಗಳಲ್ಲಿ ಕಿವಿಗೆ ಬೀಳುವ ಸದ್ದು ಒಂದೇ. ರಿಲೇ ಅಗ್ಗದ ವಸ್ತು, ಕಂಪ್ರೆಸರ್ ದುಬಾರಿ. ಸದ್ದು ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ಹೇಳಬಲ್ಲವರಿಗೆ ಆ ವ್ಯತ್ಯಾಸದ ಹಣ ಉಳಿಯಬಹುದು.

ಫ್ರಾಸ್ಟ್-ಫ್ರೀ ಮಾದರಿಗಳಲ್ಲಿ ಫ್ರೀಜರಿನ ಹಿಂದೆ ಒಂದು ಪುಟ್ಟ ಫ್ಯಾನೂ ಒಂದು ಹೀಟರೂ ಇರುತ್ತವೆ. ಆಗಾಗ ಹೀಟರು ಕಾದು ಕಟ್ಟಿದ ಮಂಜನ್ನು ಕರಗಿಸುವಾಗ ನೀರಹನಿ ಬಿದ್ದು ‘ಚುಂಯ್’ ಎನ್ನುತ್ತದೆ, ಪ್ಲಾಸ್ಟಿಕ್ ಹಿಗ್ಗಿ ‘ಚಟ್’ ಎನ್ನುತ್ತದೆ. ಕರಕರ ಎಂದು ಕೆರೆಯುವ ಸದ್ದು ಬಾಗಿಲು ತೆರೆದೊಡನೆ ನಿಂತರೆ, ಫ್ಯಾನಿನ ಎಲೆ ಐಸಿಗೆ ತಾಗುತ್ತಿದೆ ಎಂದು ಊಹಿಸಬಹುದು, ಏಕೆಂದರೆ ಹೆಚ್ಚಿನ ಮಾದರಿಗಳಲ್ಲಿ ಬಾಗಿಲು ತೆರೆದಾಗ ಆ ಫ್ಯಾನು ನಿಲ್ಲುತ್ತದೆ. ಪ್ಲಗ್ ಕಿತ್ತು ಬಾಗಿಲು ತೆರೆದಿಟ್ಟು ಐಸನ್ನು ಪೂರ್ತಿ ಕರಗಿಸಿದರೆ ಸದ್ದು ಹೋಗುತ್ತದೆ. ಆಮೇಲೂ ಲೆಕ್ಕಕ್ಕೆ ಬರುವುದು ದಿನಗಳೇ. ಬಹುಕಾಲ ಮರಳದಿದ್ದರೆ ಬಾಗಿಲು ಸರಿಯಾಗಿ ಮುಚ್ಚದೆ ತೇವ ನುಗ್ಗಿತ್ತು ಅಷ್ಟೆ. ಕರಾವಳಿಯ ಮಳೆಗಾಲದಲ್ಲಿ ಅದು ಸುಲಭ. ಕೆಲವೇ ವಾರಗಳಲ್ಲಿ ಮರಳಿದರೆ ಹೀಟರನ್ನೋ ಅದರ ಸೆನ್ಸರನ್ನೋ ನೋಡಿಸಬೇಕು.

ಈಗಿನ ಇನ್ವರ್ಟರ್ ಕಂಪ್ರೆಸರುಗಳು ನಿಲ್ಲುವುದೇ ಅಪರೂಪ, ಅವಕ್ಕೆ ನಿಮ್ಮ ಗಡಿಯಾರ ಏನು ಹೇಳೀತು ಎಂದು ಕೇಳುವವರಿದ್ದಾರೆ. ಆಕ್ಷೇಪ ನ್ಯಾಯವಾದದ್ದೇ. ಹಳೆಯ ಫ್ರಿಜ್ಜಿಗೆ ರೂಢಿಯಾದವರು ‘ದಿನವಿಡೀ ಓಡುತ್ತಲೇ ಇದೆ’ ಎಂದು ಗಾಬರಿಯಾಗುವುದೂ ಇದಕ್ಕೇ. ಅಂಥವುಗಳಲ್ಲಿ ಗಮನಿಸಬೇಕಾದ್ದು ವೇಗ ಯಾವಾಗ ಏರಿ ಯಾವಾಗ ಇಳಿಯುತ್ತದೆ ಎಂಬುದು. ಬಿಸಿ ಸಾರಿನ ಪಾತ್ರೆ ಇಟ್ಟಾಗ ದನಿ ಏರಬೇಕು, ರಾತ್ರಿ ಬಾಗಿಲು ಮುಚ್ಚಿಯೇ ಇರುವಾಗ ಇಳಿಯಬೇಕು. ರಾಯಚೂರಿನ ಏಪ್ರಿಲ್‌ನಲ್ಲಿ, 40 ಡಿಗ್ರಿಯ ಗಾಳಿಗೇ ಮತ್ತೆ ಶಾಖ ದಬ್ಬಬೇಕಾದಾಗ, ಇಳಿಯದಿದ್ದರೂ ಆಶ್ಚರ್ಯವಿಲ್ಲ. ಡಿಸೆಂಬರಿನಲ್ಲೂ ಇಳಿಯದಿದ್ದರೆ ಬಾಗಿಲಿನ ರಬ್ಬರು ನೋಡಿ. ಇದೆಲ್ಲ ಮೆಕ್ಯಾನಿಕ್ಕನ ಕೆಲಸ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು: ಅವರು ಬಂದು ಇರುವುದು ಸ್ವಲ್ಪ ಹೊತ್ತು, ಆ ಹೊತ್ತಿನಲ್ಲಿ ಫ್ರಿಜ್ಜು ಸುಮ್ಮನಿರುವ ಸಾಧ್ಯತೆಯೇ ಹೆಚ್ಚು.

ಸದ್ದೇ ಇಲ್ಲದ ಫ್ರಿಜ್ಜು ಮಾಡಬಾರದೇ ಎಂದರೆ, ಮಾಡಿದ್ದಾರೆ. 1922ರಲ್ಲಿ ಸ್ವೀಡನ್ನಿನ ಪ್ಲಾಟೆನ್ ಮತ್ತು ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಶಾಖದಿಂದಲೇ ನಡೆಯುವ, ಮೋಟಾರಿಲ್ಲದ ಫ್ರಿಜ್ಜು ರೂಪಿಸಿದರು. ಹೋಟೆಲ್ ಕೋಣೆಗಳ ಮಿನಿಬಾರ್‌ಗಳಲ್ಲಿ ಆ ಬಗೆಯದು ಇವತ್ತಿಗೂ ಉಂಟು. ಅದೇ ದಶಕದಲ್ಲಿ ಭೌತವಿಜ್ಞಾನಿಗಳಾದ ಐನ್‌ಸ್ಟೈನ್ ಮತ್ತು ಲಿಯೊ ಸಿಲಾರ್ಡ್, ಆಗಿನ ಫ್ರಿಜ್ಜುಗಳ ವಿಷಾನಿಲ ಸೋರದಿರಲೆಂದು, ತಿರುಗುವ ಭಾಗಗಳೇ ಇಲ್ಲದೆ ದ್ರವಲೋಹವನ್ನು ದಬ್ಬುವ ಪಂಪೊಂದನ್ನು ಯೋಚಿಸಿದರು. ಬರ್ಲಿನ್ನಿನಲ್ಲಿ ಅದನ್ನು ಕಟ್ಟಿ ನೋಡಿದಾಗ ಎದುರಾದ ದೊಡ್ಡ ತೊಂದರೆ ವಿಪರೀತ ಸದ್ದೇ. ಮೌನವಾಗಿರುವ ಮಿನಿಬಾರ್ ಬಗೆಯದು ಅಷ್ಟೇ ತಂಪಿಗೆ ಕಂಪ್ರೆಸರಿಗಿಂತ ಬಹಳ ಹೆಚ್ಚು ಕರೆಂಟು ತಿನ್ನುತ್ತದೆ, ಬೇಸಿಗೆಯ ಸೆಖೆಯಲ್ಲಿ ಸೋಲುತ್ತದೆ. ಹಾಲು, ಮೊಸರು, ದೋಸೆಹಿಟ್ಟು, ವಾರದ ತರಕಾರಿಗಳನ್ನೆಲ್ಲ ತುಂಬುವ ನಮ್ಮ ಮನೆಗಳಿಗೆ ಅದು ಸಾಲದು.