ಮತಕ್ಷೇತ್ರಗಳ ಎಲ್ಲೆ

ಗದಗಿನಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ ಡಂಬಳವೆಂಬ ಊರಿದೆ. ದೊಡ್ಡಬಸಪ್ಪ ದೇವಾಲಯದಿಂದಲೂ ವಿಶಾಲವಾದ ಕೆರೆಯಿಂದಲೂ ಹೆಸರಾದ ಈ ಊರಿನ ರೈತನು ಜಮೀನಿನ ಕಾಗದಪತ್ರಕ್ಕಾಗಿ ಮುಂಡರಗಿಯ ತಾಲ್ಲೂಕು ಕಚೇರಿಗೆ ಹೋಗುತ್ತಾನೆ. ಜಿಲ್ಲಾಧಿಕಾರಿಯನ್ನು ಕಾಣಬೇಕಾದರೆ ಗದಗಿಗೆ ಬರುತ್ತಾನೆ. ಆದರೆ ವಿಧಾನಸಭೆಯ ಚುನಾವಣೆ ಬಂದಾಗ ಅವನ ಮತವು ಸೇರುವುದು ರೋಣ ಕ್ಷೇತ್ರಕ್ಕೆ. ಲೋಕಸಭೆಯ ಚುನಾವಣೆಯಲ್ಲಿ ಅವನು ಹಾವೇರಿ ಕ್ಷೇತ್ರದ ಮತದಾರ. ಒಬ್ಬನೇ ಮನುಷ್ಯ, ಒಂದೇ ಹೊಲ, ಒಂದೇ ಮನೆ. ಹೆಸರುಗಳು ಮಾತ್ರ ನಾಲ್ಕು. ಇದು ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ಮತಕ್ಷೇತ್ರಗಳ ಗಡಿಗಳು ಹೇಗೆ ಹುಟ್ಟುತ್ತವೆ, ಹೇಗೆ ಬದಲಾಗುತ್ತವೆ ಎಂಬುದನ್ನು ನೋಡಬೇಕು.

ನದಿ, ಬೆಟ್ಟ, ಹಳ್ಳಗಳ ಎಲ್ಲೆ ಕಣ್ಣಿಗೆ ಕಾಣುತ್ತದೆ. ಹೊಲದ ಎಲ್ಲೆಗೆ ಬದುವುಂಟು, ಊರಿನ ಎಲ್ಲೆಗೆ ಕಲ್ಲುಂಟು. ಮತಕ್ಷೇತ್ರದ ಎಲ್ಲೆಗೆ ಇಂತಹ ಯಾವ ಗುರುತೂ ಇಲ್ಲ. ಅದು ನಕಾಶೆಯಲ್ಲಿಯೂ ಮತದಾರರ ಪಟ್ಟಿಯಲ್ಲಿಯೂ ಮಾತ್ರ ಇರುವ ಗೆರೆ. ಆದರೂ ಊರಿಗೆ ಕುಡಿಯುವ ನೀರು ಬೇಕಾದಾಗ, ರಸ್ತೆ ಕೆಟ್ಟಾಗ, ಶಾಲೆಗೆ ಕೊಠಡಿ ಬೇಕಾದಾಗ ಜನರು ಯಾರ ಬಾಗಿಲಿಗೆ ಹೋಗಬೇಕೆಂಬುದನ್ನು ಈ ಕಾಣದ ಗೆರೆಯೇ ನಿರ್ಧರಿಸುತ್ತದೆ.

ಗದಗ ಸೀಮೆಗೆ ಎಲ್ಲೆಗಳ ಬದಲಾವಣೆ ಹೊಸದಲ್ಲ. ಪ್ರಾಚೀನ ಶಾಸನಗಳಲ್ಲಿ ಈ ನಾಡು ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂಬ ವಿಭಾಗಗಳಾಗಿ ಕಾಣಿಸುತ್ತದೆ. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಅಂದಿನ ಎಲ್ಲೆಗಳು ಆಡಳಿತಕ್ಕಾಗಿಯೂ ಕಂದಾಯಕ್ಕಾಗಿಯೂ ಏರ್ಪಟ್ಟವು. ಅವುಗಳಲ್ಲಿ ಪ್ರಜೆಯ ಅಭಿಪ್ರಾಯಕ್ಕೆ ಸ್ಥಾನವಿರಲಿಲ್ಲ. ಬ್ರಿಟಿಷರ ಕಾಲಕ್ಕೆ ಬಂದರೆ ಚಿತ್ರವು ಇನ್ನೂ ಚೂರುಚೂರಾಗಿತ್ತು. ಗದಗ-ಬೆಟಗೇರಿಯೂ ಮುಂಡರಗಿಯೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಲಕ್ಷ್ಮೇಶ್ವರವು ಮೀರಜ ಸಂಸ್ಥಾನದ ಊರು. ಶಿರಹಟ್ಟಿಯು ಸಾಂಗಲಿ ಸಂಸ್ಥಾನದ ಊರು. ಮುಂಡರಗಿಯ ಪೂರ್ವಕ್ಕೆ ಕೊಪ್ಪಳದ ಕಡೆ ನಿಜಾಮನ ಸೀಮೆ. ದಕ್ಷಿಣಕ್ಕೆ ತುಂಗಭದ್ರೆಯನ್ನು ದಾಟಿದರೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಒಂದೇ ದಿನದ ಗಾಡಿಯ ಪಯಣದಲ್ಲಿ ಎರಡು ಮೂರು ಸರಕಾರಗಳನ್ನು ಕಾಣಬಹುದಾದ ನಾಡು ಇದು. 1937ರಲ್ಲಿ ಮುಂಬಯಿ ಶಾಸನಸಭೆಗೆ ಚುನಾವಣೆ ನಡೆದಾಗ ಗದಗಿನಲ್ಲಿ ಆಸ್ತಿ ಅಥವಾ ವಿದ್ಯೆಯ ಅರ್ಹತೆಯುಳ್ಳ ಕೆಲವರು ಮತ ಹಾಕಿದರು. ನೆರೆಯ ಶಿರಹಟ್ಟಿ, ಲಕ್ಷ್ಮೇಶ್ವರಗಳವರಿಗೆ ಸಂಸ್ಥಾನದ ಪ್ರಜೆಗಳೆಂಬ ಕಾರಣದಿಂದ ಆ ಸಭೆಯಲ್ಲಿ ಪಾಲಿರಲಿಲ್ಲ.

1948ರಲ್ಲಿ ದಕ್ಷಿಣದ ಮರಾಠಾ ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ವಿಲೀನವಾದವು. ಶಿರಹಟ್ಟಿ, ಲಕ್ಷ್ಮೇಶ್ವರಗಳು ಧಾರವಾಡ ಜಿಲ್ಲೆಗೆ ಬಂದು ಸೇರಿದವು. 1951-52ರಲ್ಲಿ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ನಡೆದಾಗ 21 ವರ್ಷ ತುಂಬಿದ ಎಲ್ಲ ಸ್ತ್ರೀಪುರುಷರಿಗೂ ಮತದ ಹಕ್ಕು ದೊರೆಯಿತು. ನಿನ್ನೆ ಮೊನ್ನೆಯವರೆಗೆ ಸಂಸ್ಥಾನಿಕರ ಪ್ರಜೆಗಳಾಗಿದ್ದವರು ಗದಗಿನ ವ್ಯಾಪಾರಿಗೂ ಬೆಟಗೇರಿಯ ನೇಕಾರನಿಗೂ ಸಮನಾಗಿ ಒಂದೊಂದು ಮತದ ಒಡೆಯರಾದರು. ಆಗ ಧಾರವಾಡ ಜಿಲ್ಲೆಯಲ್ಲಿ ಧಾರವಾಡ ಉತ್ತರ, ಧಾರವಾಡ ದಕ್ಷಿಣವೆಂಬ ಎರಡು ಲೋಕಸಭಾ ಕ್ಷೇತ್ರಗಳಿದ್ದವು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದುಗೂಡಿ ಧಾರವಾಡ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಾಗಲೂ ಆ ಎರಡು ಹೆಸರುಗಳು ಉಳಿದವು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು.

ಕ್ಷೇತ್ರಗಳನ್ನು ಒಮ್ಮೆ ವಿಂಗಡಿಸಿ ಬಿಟ್ಟರೆ ಸಾಲದೇ ಎಂಬ ಪ್ರಶ್ನೆ ಏಳುವುದು ಸಹಜ. ಸಾಲದು. ಜನರು ಒಂದೆಡೆ ನಿಲ್ಲುವವರಲ್ಲ. ಮಳೆ ತಪ್ಪಿದ ಸೀಮೆಯಿಂದ ದುಡಿಮೆಯನ್ನರಸಿ ಪಟ್ಟಣಕ್ಕೆ ಹೋಗುವವರುಂಟು. ಪಟ್ಟಣಗಳು ಬೆಳೆಯುತ್ತವೆ, ಹಳ್ಳಿಗಳು ಇದ್ದಲ್ಲಿಯೇ ಇರುತ್ತವೆ. ಹಳೆಯ ಗೆರೆಯೇ ಉಳಿದರೆ ಒಂದು ಕ್ಷೇತ್ರದಲ್ಲಿ ಒಂದು ಲಕ್ಷ ಜನರಿಗೆ ಒಬ್ಬ ಶಾಸಕ, ಇನ್ನೊಂದರಲ್ಲಿ ಐದು ಲಕ್ಷ ಜನರಿಗೂ ಒಬ್ಬನೇ ಶಾಸಕ ಎಂಬಂತಾಗುತ್ತದೆ. ಆಗ ಒಬ್ಬನ ಮತವು ಇನ್ನೊಬ್ಬನ ಐದು ಮತಗಳಿಗೆ ಸಮನಾಯಿತು. ಇಂಗ್ಲೆಂಡಿನಲ್ಲಿ ಇಂತಹ ಸ್ಥಿತಿ ಬಹುಕಾಲ ಇದ್ದಿತು. ಓಲ್ಡ್ ಸೇರಮ್ ಎಂಬ ಪಾಳುಬಿದ್ದ ಊರಿನ ಬೆರಳೆಣಿಕೆಯ ಮತದಾರರು ಪಾರ್ಲಿಮೆಂಟಿಗೆ ಇಬ್ಬರನ್ನು ಆರಿಸಿ ಕಳುಹಿಸುತ್ತಿದ್ದರು. ಗಿರಣಿಗಳಿಂದ ತುಂಬಿದ ಮ್ಯಾಂಚೆಸ್ಟರ್ ನಗರಕ್ಕೆ ತನ್ನದೆಂಬ ಒಬ್ಬ ಪ್ರತಿನಿಧಿಯೂ ಇರಲಿಲ್ಲ. 1832ರ ಸುಧಾರಣಾ ಶಾಸನವು ಈ ಅನ್ಯಾಯವನ್ನು ತಕ್ಕಮಟ್ಟಿಗೆ ಸರಿಪಡಿಸಿತು.

ಗೆರೆಯನ್ನು ಎಳೆಯುವವರು ಯಾರು ಎಂಬುದೂ ಸಣ್ಣ ಮಾತಲ್ಲ. ಅಮೆರಿಕದ ಪ್ರತಿನಿಧಿ ಸಭೆಯ 435 ಸ್ಥಾನಗಳನ್ನು ಹತ್ತು ವರ್ಷಗಳಿಗೊಮ್ಮೆ ಜನಗಣತಿಯಾದ ಮೇಲೆ ರಾಜ್ಯಗಳಿಗೆ ಹಂಚುತ್ತಾರೆ. ಆದರೆ ಅಲ್ಲಿ ಬಹುತೇಕ ರಾಜ್ಯಗಳಲ್ಲಿ ಕ್ಷೇತ್ರಗಳ ಎಲ್ಲೆಯನ್ನು ಗೊತ್ತುಪಡಿಸುವುದು ರಾಜ್ಯದ ಶಾಸನಸಭೆಯೇ. ಬಹುಮತವುಳ್ಳ ಪಕ್ಷವು ತನಗೆ ಅನುಕೂಲವಾಗುವಂತೆ ಗೆರೆಯನ್ನು ಡೊಂಕುಮಾಡುವ ಆಸೆಗೆ ಬೀಳುವುದುಂಟು. 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಎಲ್ಬ್ರಿಜ್ ಜೆರಿ ಅಂಕಿತ ಹಾಕಿದ ಕಾನೂನಿನಲ್ಲಿ ಒಂದು ಕ್ಷೇತ್ರದ ಆಕಾರವು ಸ್ಯಾಲಮ್ಯಾಂಡರ್ ಎಂಬ ಹಲ್ಲಿಯಂತಹ ಪ್ರಾಣಿಯನ್ನು ಹೋಲುತ್ತಿತ್ತು. ಪತ್ರಿಕೆಯವರು ಎರಡು ಹೆಸರುಗಳನ್ನೂ ಕೂಡಿಸಿ ಅದನ್ನು 'ಜೆರಿಮ್ಯಾಂಡರ್' ಎಂದು ಹಾಸ್ಯಮಾಡಿದರು. ಹಾಸ್ಯವು ಮುಗಿದುಹೋಯಿತು, ಹೆಸರೂ ಆ ಚಾಳಿಯೂ ಉಳಿದವು.

ಭಾರತದ ಸಂವಿಧಾನವನ್ನು ರಚಿಸಿದವರು ಈ ಕೆಲಸವನ್ನು ಪಕ್ಷಗಳ ಕೈಗೆ ಕೊಡಲಿಲ್ಲ. ಸಂವಿಧಾನದ 82ನೆಯ ಮತ್ತು 170ನೆಯ ವಿಧಿಗಳ ಪ್ರಕಾರ ಪ್ರತಿ ಜನಗಣತಿಯಾದ ಮೇಲೆ ಕ್ಷೇತ್ರಗಳನ್ನು ಮರುವಿಂಗಡಿಸಬೇಕು. ಅದಕ್ಕಾಗಿ ಪಾರ್ಲಿಮೆಂಟು 1952, 1962, 1972 ಮತ್ತು 2002ರಲ್ಲಿ ಶಾಸನಗಳನ್ನು ಮಾಡಿ ಕ್ಷೇತ್ರ ಪುನರ್ವಿಂಗಡಣಾ ಆಯೋಗಗಳನ್ನು ನೇಮಿಸಿತು. 2002ರ ಶಾಸನದಂತೆ ರಚಿತವಾದ ಆಯೋಗಕ್ಕೆ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕುಲದೀಪ ಸಿಂಗ್ ಅವರು ಅಧ್ಯಕ್ಷರಾಗಿದ್ದರು. ರಾಜ್ಯದ ಕೆಲವು ಲೋಕಸಭಾ ಸದಸ್ಯರೂ ಶಾಸಕರೂ ಆಯೋಗಕ್ಕೆ ಸಲಹೆ ಕೊಡಬಹುದು. ತೀರ್ಮಾನದಲ್ಲಿ ಅವರಿಗೆ ಮತವಿಲ್ಲ. ಕರಡು ಪ್ರಸ್ತಾವವನ್ನು ಪ್ರಕಟಿಸಿ, ಬಹಿರಂಗ ಸಭೆ ನಡೆಸಿ, ಜನರ ಆಕ್ಷೇಪಣೆಗಳನ್ನು ಕೇಳಿದ ನಂತರವೇ ಅಂತಿಮ ಆದೇಶ ಹೊರಡುತ್ತದೆ.

ರಾಜ್ಯದ ಸ್ಥಾನಗಳ ಸಂಖ್ಯೆಯೂ ಈ ಆಯೋಗಗಳಿಂದ ಬೆಳೆಯುತ್ತ ಬಂದಿತು. 1957ರಲ್ಲಿ ಮೈಸೂರು ರಾಜ್ಯಕ್ಕೆ 208 ವಿಧಾನಸಭಾ ಸ್ಥಾನಗಳೂ 26 ಲೋಕಸಭಾ ಸ್ಥಾನಗಳೂ ಇದ್ದವು. 1967ರಲ್ಲಿ ಅವು 216 ಮತ್ತು 27 ಆದವು. 1971ರ ಜನಗಣತಿಯ ನಂತರ ವಿಧಾನಸಭೆಗೆ 224, ಲೋಕಸಭೆಗೆ 28 ಎಂದು ಗೊತ್ತಾಯಿತು. ಅಂದಿನಿಂದ ಈ ಎರಡು ಅಂಕಿಗಳು ಕದಲಲಿಲ್ಲ. ಅದಕ್ಕೆ ಕಾರಣವನ್ನು ಮುಂದೆ ನೋಡಬಹುದು.

ಗದಗ ಜಿಲ್ಲೆಯ ಮೇಲೆ ಬಹಳ ಪರಿಣಾಮ ಮಾಡಿದುದು 2008ರ ಪುನರ್ವಿಂಗಡಣೆ. 1997ರಲ್ಲಿ ಧಾರವಾಡ ಜಿಲ್ಲೆಯನ್ನು ಒಡೆದು ಗದಗ, ಹಾವೇರಿ ಜಿಲ್ಲೆಗಳನ್ನು ರಚಿಸಿದಾಗ ಗದಗ ಜಿಲ್ಲೆಯ ಪಾಲಿಗೆ ಗದಗ, ರೋಣ, ನರಗುಂದ, ಶಿರಹಟ್ಟಿ, ಮುಂಡರಗಿ ಎಂಬ ಐದು ವಿಧಾನಸಭಾ ಕ್ಷೇತ್ರಗಳಿದ್ದವು. ಆಯೋಗವು 2001ರ ಜನಗಣತಿಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿತು. ರಾಜ್ಯದ ಜನಸಂಖ್ಯೆ ಸುಮಾರು 5 ಕೋಟಿ 28 ಲಕ್ಷ. ಅದನ್ನು 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 2 ಲಕ್ಷ 36 ಸಾವಿರ ಜನ. ಗದಗ ಜಿಲ್ಲೆಯಲ್ಲಿದ್ದವರು ಸುಮಾರು 9 ಲಕ್ಷ 72 ಸಾವಿರ. ಭಾಗಾಕಾರ ಮಾಡಿದವರಿಗೆ ದೊರೆಯುವ ಉತ್ತರ ನಾಲ್ಕಕ್ಕೆ ತುಸು ಹೆಚ್ಚು. ಐದು ಕ್ಷೇತ್ರಗಳಲ್ಲಿ ಒಂದು ಹೋಗಲೇಬೇಕಾಯಿತು. ಹೋದುದು ಮುಂಡರಗಿ. ಅದೇ ಲೆಕ್ಕದಿಂದ, ಸುಮಾರು 65 ಲಕ್ಷ ಜನರಿದ್ದ ಬೆಂಗಳೂರು ನಗರ ಜಿಲ್ಲೆಗೆ 28 ಕ್ಷೇತ್ರಗಳು ದೊರೆತವು.

1858ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಮಡಿದ ಭೀಮರಾಯನ ಊರು ಮುಂಡರಗಿ. ಅಂತಹ ಊರಿನ ಹೆಸರು ಕ್ಷೇತ್ರಗಳ ಪಟ್ಟಿಯಿಂದ ಅಳಿದುಹೋದುದು ಅಲ್ಲಿಯ ಜನರಿಗೆ ನೋವಿನ ಸಂಗತಿಯೇ ಸರಿ. ಮುಂಡರಗಿ ಪಟ್ಟಣವು ಶಿರಹಟ್ಟಿ ಕ್ಷೇತ್ರಕ್ಕೆ ಸೇರಿತು. ಡಂಬಳದ ಕಡೆಯ ಭಾಗವು ರೋಣಕ್ಕೆ ಹೋಯಿತು. ಒಂದೇ ತಾಲ್ಲೂಕಿನವರು ಇಬ್ಬರು ಶಾಸಕರ ನಡುವೆ ಹಂಚಿಹೋದರು. ಇಬ್ಬರಿರುವುದರಿಂದ ಲಾಭವೆನ್ನುವವರೂ ಇರಬಹುದು. ಆದರೆ ದೊಡ್ಡ ಕ್ಷೇತ್ರದ ಅಂಚಿನಲ್ಲಿರುವ ಊರಿನ ಮಾತು ನಡುವಿನ ಊರಿನ ಮಾತಿನಷ್ಟು ಬೇಗ ಕೇಳಿಸುವುದಿಲ್ಲವೆಂಬ ದೂರಿನಲ್ಲಿಯೂ ಹುರುಳಿಲ್ಲದೆ ಇಲ್ಲ.

ಶಿರಹಟ್ಟಿಗೆ ಇನ್ನೊಂದು ಬಗೆಯ ಬದಲಾವಣೆ ಬಂದಿತು. ಅಲ್ಲಿಯವರೆಗೆ ಸಾಮಾನ್ಯವಾಗಿದ್ದ ಆ ಕ್ಷೇತ್ರವು ಪರಿಶಿಷ್ಟ ಜಾತಿಗಳವರಿಗೆ ಮೀಸಲಾಯಿತು. ಪರಿಶಿಷ್ಟ ಜಾತಿಗಳ ಜನಸಂಖ್ಯೆಯ ಪ್ರಮಾಣವು ಹೆಚ್ಚಾಗಿರುವ ಕಡೆಗಳಲ್ಲಿ, ಆದರೆ ರಾಜ್ಯದ ಬೇರೆಬೇರೆ ಭಾಗಗಳಿಗೆ ಹರಡುವಂತೆ, ಮೀಸಲು ಸ್ಥಾನಗಳನ್ನು ಗೊತ್ತುಮಾಡುವುದು ಕಾನೂನಿನ ನಿಯಮ. ಕರ್ನಾಟಕದ 224 ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗಳಿಗೂ 15 ಪರಿಶಿಷ್ಟ ಪಂಗಡಗಳಿಗೂ ಮೀಸಲಾದವು. ಇಂತಹ ಕ್ಷೇತ್ರದಲ್ಲಿ ಮತ ಹಾಕುವವರು ಎಲ್ಲ ಜಾತಿಗಳವರೂ ಹೌದು. ಅಭ್ಯರ್ಥಿಯಾಗಿ ನಿಲ್ಲುವವರು ಮಾತ್ರ ಆ ಸಮುದಾಯಗಳವರು. ತಲೆಮಾರುಗಳಿಂದ ಊರ ಚಾವಡಿಯ ಕಟ್ಟೆಯನ್ನು ಏರಲಾಗದಿದ್ದವರ ಮಕ್ಕಳು ವಿಧಾನಸೌಧದ ಮೆಟ್ಟಿಲನ್ನು ಏರುವಂತಾದುದು ಈ ನಿಯಮದಿಂದ.

ಲೋಕಸಭಾ ಕ್ಷೇತ್ರದ ಲೆಕ್ಕವು ಇನ್ನೂ ಸರಳ. 224ನ್ನು 28ರಿಂದ ಭಾಗಿಸಿದರೆ ಎಂಟು. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಒಂದು ಲೋಕಸಭಾ ಕ್ಷೇತ್ರ. ಹಾವೇರಿ ಜಿಲ್ಲೆಯಲ್ಲಿ ಆರು, ಗದಗ ಜಿಲ್ಲೆಯಲ್ಲಿ ನಾಲ್ಕು, ಕೂಡಿದರೆ ಹತ್ತು. ಎರಡು ಹೆಚ್ಚಾದವು. ಬಾಗಲಕೋಟೆ ಜಿಲ್ಲೆಯಲ್ಲಿದ್ದುದು ಏಳು, ಧಾರವಾಡ ಜಿಲ್ಲೆಯಲ್ಲಿಯೂ ಏಳು; ಎರಡು ಕಡೆಯೂ ಒಂದೊಂದು ಕಡಿಮೆ. ಗದಗ ಜಿಲ್ಲೆಯ ನರಗುಂದವು ಬಾಗಲಕೋಟೆಗೂ ಹಾವೇರಿ ಜಿಲ್ಲೆಯ ಶಿಗ್ಗಾವಿಯು ಧಾರವಾಡಕ್ಕೂ ಹೋಗಿ ಕೊರತೆಯನ್ನು ತುಂಬಿದವು. ಉಳಿದ ಎಂಟರಿಂದ ಹಾವೇರಿ ಲೋಕಸಭಾ ಕ್ಷೇತ್ರವಾಯಿತು. ಗದಗ, ರೋಣ, ಶಿರಹಟ್ಟಿಗಳು ಅದರಲ್ಲಿವೆ. ಧಾರವಾಡ ಉತ್ತರ, ಧಾರವಾಡ ದಕ್ಷಿಣವೆಂಬ ಹಳೆಯ ಹೆಸರುಗಳು ಮರೆಯಾದವು. 2009ರಲ್ಲಿ ಹೊಸ ಕ್ಷೇತ್ರಕ್ಕೆ ಮೊದಲ ಚುನಾವಣೆ ನಡೆಯಿತು. ಜನರ ಬಾಯಲ್ಲಿ ಮಾತ್ರ ಅದು ಹಾವೇರಿ-ಗದಗ ಕ್ಷೇತ್ರವೆಂದೇ ಉಳಿದಿದೆ. ಹೊಸ ಎಲ್ಲೆಗಳಂತೆ ದೇಶದಲ್ಲಿಯೇ ಮೊದಲು ವಿಧಾನಸಭಾ ಚುನಾವಣೆ ನಡೆದುದು 2008ರ ಮೇ ತಿಂಗಳಿನಲ್ಲಿ, ಕರ್ನಾಟಕದಲ್ಲಿ.

ಒಳಗಿನ ಎಲ್ಲೆಗಳು ಇಷ್ಟೆಲ್ಲ ಬದಲಾದರೂ ಒಟ್ಟು ಸ್ಥಾನಗಳು 28ರಲ್ಲಿಯೇ ನಿಂತುದೇಕೆ? ಜನಸಂಖ್ಯೆಯಂತೆ ಸ್ಥಾನ ಹಂಚಿದರೆ ಕುಟುಂಬ ಯೋಜನೆಯನ್ನು ನಿಷ್ಠೆಯಿಂದ ನಡೆಸಿದ ರಾಜ್ಯಗಳಿಗೆ ನಷ್ಟವಾಗುತ್ತದೆ. 1967ರಲ್ಲಿ ಮದರಾಸು ರಾಜ್ಯದ ಲೋಕಸಭಾ ಸ್ಥಾನಗಳು 41ರಿಂದ 39ಕ್ಕೆ ಇಳಿದಿದ್ದವು. ಆದುದರಿಂದ 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿಯು 1971ರ ಜನಗಣತಿಯಂತೆ ಗೊತ್ತಾದ ಸಂಖ್ಯೆಗಳನ್ನು 2000ದ ಇಸವಿಯವರೆಗೆ ಹಾಗೆಯೇ ನಿಲ್ಲಿಸಿತು. 2001ರಲ್ಲಿ ಅಂಗೀಕೃತವಾದ 84ನೆಯ ತಿದ್ದುಪಡಿಯು ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಎಲ್ಲ ಮತಗಳಿಗೂ ಸಮಾನ ತೂಕವಿರಬೇಕೆಂಬುದು ಒಂದು ನ್ಯಾಯ. ಸರಕಾರದ ಮಾತನ್ನು ನಡೆಸಿಕೊಟ್ಟ ರಾಜ್ಯವು ಅದೇ ಕಾರಣಕ್ಕಾಗಿ ದನಿ ಕಳೆದುಕೊಳ್ಳಬಾರದೆಂಬುದು ಇನ್ನೊಂದು ನ್ಯಾಯ. ಇವೆರಡರ ನಡುವಿನ ವಾದವು ಪಾರ್ಲಿಮೆಂಟಿನಲ್ಲಿಯೂ ಹೊರಗೂ ಬಹುಕಾಲದಿಂದ ನಡೆದುಬಂದಿದೆ.

ಇತ್ತ ಆಡಳಿತದ ಎಲ್ಲೆಗಳು ಮತ್ತೆ ಸರಿದಿವೆ. ಶಿರಹಟ್ಟಿ ತಾಲ್ಲೂಕಿನಲ್ಲಿದ್ದ ಲಕ್ಷ್ಮೇಶ್ವರವು 2018ರ ಹೊತ್ತಿಗೆ ಪ್ರತ್ಯೇಕ ತಾಲ್ಲೂಕಾಯಿತು. ರೋಣದಿಂದ ಬೇರೆಯಾಗಿ ಗಜೇಂದ್ರಗಡವೂ ತಾಲ್ಲೂಕಾಯಿತು. ಆದರೆ ತಾಲ್ಲೂಕು ಹೊಸದಾದ ಮಾತ್ರಕ್ಕೆ ಮತಕ್ಷೇತ್ರ ಹೊಸದಾಗುವುದಿಲ್ಲ. 2008ರ ಆದೇಶವು ಅಂದಿನ ತಾಲ್ಲೂಕುಗಳ ಹೆಸರಿನಿಂದಲೇ ಎಲ್ಲೆಯನ್ನು ಹೇಳಿರುವುದರಿಂದ, 2023ರ ವಿಧಾನಸಭಾ ಚುನಾವಣೆಯಲ್ಲಿಯೂ ಲಕ್ಷ್ಮೇಶ್ವರದವರು ಶಿರಹಟ್ಟಿ ಕ್ಷೇತ್ರದ ಮತದಾರರಾಗಿಯೇ ಮತ ಹಾಕಿದರು.