ಅಶ್ವಶಕ್ತಿಯೂ ಬಾವಿಯ ನೀರೂ

ಬೇಸಗೆಯಲ್ಲಿ ತೆರೆದ ಬಾವಿಯ ಪಂಪು ನೀರನ್ನು ಸರಿಯಾಗಿ ಎತ್ತದೆ ಹೋದರೆ ರೈತನ ಮನಸ್ಸು ಮೊದಲು ಹರಿಯುವುದು ಹೊಸ ಮೋಟಾರಿನ ಕಡೆಗೆ. ‘ಮೂರು ಎಚ್.ಪಿ. ಸಾಲದು, ಐದು ಹಾಕಿಸಿ’ ಎಂದು ಅಕ್ಕಪಕ್ಕದವರೂ ಹೇಳುತ್ತಾರೆ. ತೋಟವು ಕಣ್ಣೆದುರಿಗೇ ಒಣಗುತ್ತಿರುವಾಗ ಸಾಲ ಮಾಡಿಯಾದರೂ ಅದನ್ನು ತರುವುದು ಸಹಜವೇ. ಆದರೆ ಹೊಸ ಮೋಟಾರು ಬಂದ ಮೇಲೂ ನೀರು ಹೆಚ್ಚದಿದ್ದರೆ ಬೆಳೆ ಹೋಗಿ ಸಾಲ ಮಾತ್ರ ಉಳಿಯುತ್ತದೆ. ಹೀಗೇಕಾಗುತ್ತದೆಂಬುದನ್ನು ಸ್ವಲ್ಪ ವಿಚಾರಿಸೋಣ.

ಪಂಪು ನೀರನ್ನು ಎಳೆಯುತ್ತದೆಂಬುದು ರೂಢಿಯ ಮಾತು. ವಾಸ್ತವವಾಗಿ ಅದು ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುತ್ತದೆ, ಅಷ್ಟೆ. ನೀರನ್ನು ಮೇಲಕ್ಕೆ ತಳ್ಳುವುದು ಬಾವಿಯ ಮೇಲಿರುವ ಗಾಳಿಯ ಭಾರ. ಸಮುದ್ರಮಟ್ಟದಲ್ಲಿ ಆ ಭಾರವು ನೀರನ್ನು ಸುಮಾರು 34 ಅಡಿಗಿಂತ ಹೆಚ್ಚಿಗೆ ಏರಿಸಲಾರದು; ಬಳಕೆಯಲ್ಲಿ 20 ಅಡಿಯ ಆಸುಪಾಸು ದಾಟದಿರುವುದೇ ಲೇಸು. ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ಸಂವಾದರೂಪದ ಗ್ರಂಥದಲ್ಲಿ ಒಂದು ಸ್ವಾರಸ್ಯವಾದ ಪ್ರಸಂಗವುಂಟು. ನೀರಿನ ಮಟ್ಟ ಇಳಿದಾಗ ಪಂಪು ಕೆಲಸ ಮಾಡದುದನ್ನು ಕಂಡ ಒಬ್ಬನು, ಯಂತ್ರವೇ ಕೆಟ್ಟಿತೆಂದು ಬಗೆದು ಕೆಲಸಗಾರನನ್ನು ಕರೆಸುತ್ತಾನೆ. ಬಂದವನು, ದೋಷ ಪಂಪಿನದಲ್ಲ, ನೀರು ಅಷ್ಟು ಎತ್ತರಕ್ಕೆ ಏರಲಾರದಷ್ಟು ಕೆಳಕ್ಕಿಳಿದಿದೆಯೆಂದು ತಿಳಿಸುತ್ತಾನೆ. ರಿಪೇರಿಗೆ ಕರೆಸಿದವನೇ ರಿಪೇರಿ ಬೇಡವೆಂದನು! ಅಂಥವರು ಆ ಕಾಲದಲ್ಲಿಯೂ ವಿರಳವಾಗಿಯೇ ಇದ್ದಿರಬೇಕು. ಇದರ ಕಾರಣವನ್ನು ಮುಂದೆ 1640ರ ದಶಕದಲ್ಲಿ ಟೊರಿಚೆಲ್ಲಿ ವಿವರಿಸಿದನು. ಇಂಥ ಸಂದರ್ಭದಲ್ಲಿ ಬೇಕಾದುದು ಹೆಚ್ಚಿನ ಅಶ್ವಶಕ್ತಿಯಲ್ಲ; ಪಂಪನ್ನು ಬಾವಿಯೊಳಗೆ ಒಂದು ಮೆಟ್ಟಲು ಕೆಳಗಿಳಿಸಿ ಕೂರಿಸುವುದು.

ನೀರು ಹತ್ತಿರದಲ್ಲಿಯೇ ಇದ್ದರೆ? ಆಗ ಫುಟ್‌ವಾಲ್ವನ್ನು ಮೇಲೆತ್ತಿ ನೋಡಬೇಕು. ಅದರ ಜಾಲರಿಗೆ ಪಾಚಿ, ತರಗೆಲೆ ಮೆತ್ತಿಕೊಂಡಿರಬಹುದು. ಒಳಗಿನ ತೊಗಲಿನ ಅಥವಾ ರಬ್ಬರಿನ ಬಿಲ್ಲೆ ಸವೆದಿರಬಹುದು. ಪಂಪು ನಿಂತಾಗ ಕೊಳವೆಗೆ ನೀರು ತುಂಬಿ, ಅದು ಇಳಿಯುವುದೇ ನೋಡಿದರೆ ಸಾಕು. ಹೀರುಕೊಳವೆಯ ಜೋಡಣೆಯಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಗಾಳಿ ನುಗ್ಗಿ ನೀರು ಕಡಿಯುತ್ತದೆ. ಮೂರು ಫೇಸಿನ ಮೋಟಾರಿಗೆ ರಿಪೇರಿಯ ವೇಳೆ ಎರಡು ತಂತಿಗಳು ಅದಲುಬದಲಾದರೆ ಅದು ಹಿಂದುಮುಂದಾಗಿ ತಿರುಗುತ್ತದೆ. ಆಗಲೂ ನೀರು ಕೊಂಚ ಬರುವುದರಿಂದ ಯಾರಿಗೂ ಸಂಶಯ ಹುಟ್ಟುವುದಿಲ್ಲ.

ಇನ್ನು ದೊಡ್ಡ ಮೋಟಾರಿನ ವಿಷಯ. ನಮ್ಮ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಮೋಟಾರಿನ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ಈ ಆವರ್ತನ ಮತ್ತು ಮೋಟಾರಿನ ಧ್ರುವಗಳ ಸಂಖ್ಯೆ, ಅಶ್ವಶಕ್ತಿಯಲ್ಲ. ನಾಲ್ಕು ಧ್ರುವದ್ದಾದರೆ, ಮೂರು ಎಚ್.ಪಿ.ಯದಾಗಲಿ ಐದರದಾಗಲಿ, ನಿಮಿಷಕ್ಕೆ 1500 ಸುತ್ತಿಗಿಂತ ತುಸು ಕಡಮೆ ತಿರುಗುತ್ತದೆ. ಹಳೆಯ ಪಂಪಿಗೇ ಅದನ್ನು ಜೋಡಿಸಿದರೆ ನೀರು ಹೆಚ್ಚಾಗುವುದೆಲ್ಲಿಂದ? ಪಂಪನ್ನೂ ದೊಡ್ಡದು ಮಾಡಿ ಹಳೆಯ ಕೊಳವೆಯನ್ನೇ ಉಳಿಸಿಕೊಂಡರೆ, ನೀರು ಎರಡರಷ್ಟಾಗುವಾಗ ಘರ್ಷಣೆಯ ನಷ್ಟ ನಾಲ್ಕರಷ್ಟಾಗುತ್ತದೆ. ಮೋಟಾರು ಹೊರೆ ತಾಳದೆ ಕಾಯುತ್ತಿದ್ದರೆ, ವೋಲ್ಟೇಜೂ ಸರಿಯಿದ್ದರೆ, ಆಗ ದೊಡ್ಡದನ್ನು ಕೊಳ್ಳುವ ಮಾತು ಬೇರೆ.

ಇದನ್ನೆಲ್ಲ ಅಳೆಯಲು ಉಪಕರಣವೇನೂ ಬೇಡ. ಪಂಪು ಚೆನ್ನಾಗಿರುವಾಗಲೇ 200 ಲೀಟರಿನ ಒಂದು ಡ್ರಮ್ಮು ಎಷ್ಟು ಸೆಕೆಂಡಿನಲ್ಲಿ ತುಂಬಿತೆಂಬುದನ್ನೂ, ಅಂದಿನ ಬಾವಿಯ ಮಟ್ಟವನ್ನೂ ಪಂಪ್‌ಹೌಸಿನ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಟ್ಟರೆ ಸಾಕು.