ನಾಲ್ಕು ತೂತಿಗೆ ಒಂದೇ ಸರಳು

ಆಫ್‌ರೋಡ್ ಬಗ್ಗಿಯ ಮುಂಚಕ್ರದ ಸಸ್ಪೆನ್ಶನ್ ಆರ್ಮ್‌ಗೆ ಬ್ರಾಕೆಟ್ ಮಾಡಿ ಕೂರಿಸುವುದು ಹೇಗೆ?

ಹೈದರಾಬಾದಿನ ಕುಷಾಯಿಗೂಡದ ಶೆಡ್ಡುಗಳಿಗೆ ಬೀದರ್, ಕಲಬುರಗಿ ಕಡೆಯ ಎಂಜಿನಿಯರಿಂಗ್ ಹುಡುಗರು ಪೈಪಿನ ಚಾಸಿ ಹೇರಿಕೊಂಡು ಬಂದಾಗಲೆಲ್ಲ ದೂರು ಒಂದೇ: ‘ಮುಂದಿನ ಶಾಕ್ ಗಟ್ಟಿ ಆಗಿದೆ, ಚಕ್ರ ಸರಿಯಾಗಿ ಆಡ್ತಾ ಇಲ್ಲ.’ ಶಾಕ್ ಕಳಚಿಟ್ಟು ಆರ್ಮ್ ಅನ್ನು ಕೈಯಿಂದ ಎತ್ತಿ ಬಿಟ್ಟರೆ ಅದು ಕೆಳಗೆ ಬೀಳುವುದೇ ಇಲ್ಲ, ಅರ್ಧದಲ್ಲೇ ನಿಂತುಬಿಡುತ್ತದೆ. ಪಾಪ, ಶಾಕ್‌ನದ್ದು ಏನೂ ತಪ್ಪಿಲ್ಲ. ಆರ್ಮ್ ಕೂತಿರುವ ಬ್ರಾಕೆಟ್ಟುಗಳು ಒಂದೊಂದು ದಿಕ್ಕಿಗೆ ಮುಖ ಮಾಡಿಕೊಂಡಿವೆ. ಬ್ರಾಕೆಟ್ ಅಂದರೆ ತಗಡಿನ ತುಂಡು, ಕೊನೆಗೆ ವೆಲ್ಡ್ ಹೊಡೆದರಾಯಿತು ಎಂಬ ಉಡಾಫೆಯೇ ಇದಕ್ಕೆಲ್ಲ ಮೂಲ. ಅದನ್ನು ಸರಿಪಡಿಸಲೆಂದೇ ಈ ಲೇಖನ.

ಹಿನ್ನೆಲೆ ಚುಟುಕಾಗಿ. ವಿದ್ಯಾರ್ಥಿಗಳೇ ಗಾಡಿ ಕಟ್ಟಿ ಓಡಿಸುವ ಬಾಜಾ ಸ್ಪರ್ಧೆ 1976ರಲ್ಲಿ ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಎಸ್‌ಎಇ ಇಂಡಿಯಾ ಎಂಬ ವಾಹನ ಎಂಜಿನಿಯರುಗಳ ಸಂಸ್ಥೆ ಅದನ್ನು 2007ರಲ್ಲಿ ಇಲ್ಲಿಗೆ ತಂದಿತು. ಇಂದೋರ್ ಬಳಿಯ ಪೀಥಂಪುರದಲ್ಲಿ ನಡೆಯುವ ನಾಲ್ಕು ತಾಸಿನ ಎಂಡ್ಯೂರೆನ್ಸ್ ಓಟದಲ್ಲಿ ಕಲ್ಲು, ಗುಂಡಿ, ದಿಬ್ಬಗಳ ಹೊಡೆತವೆಲ್ಲ ಚಕ್ರದಿಂದ ಆರ್ಮ್‌ಗೆ, ಆರ್ಮ್‌ನಿಂದ ಈ ಬ್ರಾಕೆಟ್ಟಿಗೇ ಬಂದು ಸೇರುತ್ತದೆ. ಇಸಿಐಎಲ್ ಕಾರ್ಖಾನೆಯ ನೆರೆಯ ಕುಷಾಯಿಗೂಡ, ಚರ್ಲಪಲ್ಲಿ ಕೈಗಾರಿಕಾ ಪ್ರದೇಶಗಳಲ್ಲಿ ಲೇಸರ್ ಕಟಿಂಗ್, ಲೇತ್, ಆರ್ಗಾನ್ ವೆಲ್ಡಿಂಗ್ ಎಲ್ಲ ಆಸುಪಾಸಿನಲ್ಲೇ ಸಿಗುತ್ತವೆ. ಬೋಲ್ಟು, ಬಾರಿಗೆ ಸಿಕಂದರಾಬಾದಿನ ರಾಣಿಗಂಜ್ ಇದೆ. ಅಂದರೆ ಸಾಮಾನು, ಕಸುಬು ಎರಡಕ್ಕೂ ಕೊರತೆಯಿಲ್ಲ. ಕೊರತೆ ಇರುವುದು ತಾಳ್ಮೆಗೆ.

ಕ್ಯಾಸ್ಟರ್, ಕ್ಯಾಂಬರ್ ಲೆಕ್ಕ ಮುಗಿದಿದೆ, ಆರ್ಮ್‌ನ ಪಿವಟ್ ಬಿಂದುಗಳು ಎಲ್ಲಿ ಬರಬೇಕೆಂದು ಗೊತ್ತಿದೆ ಎಂದುಕೊಂಡು ಮುಂದುವರಿಯುತ್ತೇನೆ.

ಹಂತ 1: ಜಾಗ ನೋಡಿಕೊಳ್ಳಿ

ಬ್ರಾಕೆಟ್ ಯಾವಾಗಲೂ ಎರಡು ಮೂರು ಪೈಪುಗಳು ಕೂಡುವ ಗಂಟಿನ ಹತ್ತಿರವೇ ಇರಲಿ. ಪೈಪಿನ ನಟ್ಟನಡುವೆ ಕೂರಿಸಿದರೆ ಬ್ರಾಕೆಟ್ ಉಳಿದರೂ ಪೈಪ್ ಬಾಗುತ್ತದೆ. ಬಾಜಾ ನಿಯಮದ ಪ್ರಕಾರ ಚಾಸಿಯ ಮುಖ್ಯ ಪೈಪುಗಳು 25 ಮಿ.ಮೀ. ಹೊರವ್ಯಾಸ, 3 ಮಿ.ಮೀ. ಗೋಡೆಯ ಸ್ಟೀಲಿನವು ಅಥವಾ ಅದಕ್ಕೆ ಸಮನಾದವು. ಎರಡನೇ ದರ್ಜೆಯ ಪೈಪುಗಳ ಗೋಡೆ 0.89 ಮಿ.ಮೀ.ನಷ್ಟು ತೆಳ್ಳಗಿರಬಹುದು. ನಿಮ್ಮ ಬಿಂದು ತೆಳು ಪೈಪಿನ ಮೇಲೆ ಬಂದರೆ ಅಡ್ಡ ಪೈಪ್ ಒಂದನ್ನು ಸೇರಿಸಿ, ಗಂಟು ಮಾಡಿಕೊಳ್ಳಿ. ಒಂದು ಪೈಪಿನ ತೂಕ ಉಳಿಸಲು ಹೋಗಿ ಗಾಡಿಯನ್ನೇ ಕಳೆದುಕೊಳ್ಳಬೇಡಿ.

ಹಂತ 2: ರಟ್ಟಿನಲ್ಲಿ ಮಾಡಿ, ಆಮೇಲೆ ತಗಡು

ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ ಪೈಪಿನ ಮೇಲಿಟ್ಟು ನೋಡಿ. ಪೈಪಿನ ದುಂಡಿಗೆ ಸರಿಯಾಗಿ ಅಪ್ಪುವಂತೆ ಅಡಿಭಾಗ ಕೊರೆದಿರಬೇಕು, 1 ಮಿ.ಮೀ.ಗಿಂತ ಹೆಚ್ಚು ಸಂದು ಬಿಟ್ಟರೆ ಅದನ್ನು ತುಂಬಲು ವೆಲ್ಡರ್ ಲೋಹ ಸುರಿಯುತ್ತಾನೆ, ಅದರೊಂದಿಗೆ ಕಾವೂ ಹೆಚ್ಚುತ್ತದೆ, ಬ್ರಾಕೆಟ್ ಎಳೆದುಕೊಳ್ಳುತ್ತದೆ.

ಬ್ರಾಕೆಟ್ ಎತ್ತರ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಬೋಲ್ಟಿನ ನಡುವಿನಿಂದ ಪೈಪಿನ ಮೈಗೆ 25 ಮಿ.ಮೀ. ಇದ್ದದ್ದು 50 ಆದರೆ ಅಡ್ಡ ಹೊಡೆತಕ್ಕೆ ವೆಲ್ಡಿನ ಬುಡದಲ್ಲಿ ಬರುವ ಬಾಗುಬಲ ಇಮ್ಮಡಿಯಾಗುತ್ತದೆ. ಆರ್ಮ್ ಪೂರ್ತಿ ಮೇಲೆ, ಪೂರ್ತಿ ಕೆಳಗೆ ಹೋದಾಗ ಪೈಪಿಗೆ ತಾಗದಿರುವಷ್ಟು ಜಾಗ ಬಿಡಿ, ಅದಕ್ಕಿಂತ ಹೆಚ್ಚು ಬೇಡ. ತೂತಿನ ನಡುವಿನಿಂದ ತಗಡಿನ ಅಂಚಿಗೆ ಬೋಲ್ಟಿನ ದಪ್ಪದ ಒಂದೂವರೆ ಪಟ್ಟಾದರೂ ಬೇಕು. 10 ಮಿ.ಮೀ. ಬೋಲ್ಟಿಗೆ 15 ಮಿ.ಮೀ.; ನಾನಾದರೆ 18–20 ಇಡುತ್ತೇನೆ.

ಆರ್ಮ್‌ನ ಎರಡೂ ಬದಿಗೆ ಕಿವಿ, ಅಂದರೆ ಬ್ರಾಕೆಟ್ಟಿನ ತೂತಿರುವ ತಗಡು, ಇರಲೇಬೇಕು. ಒಂದೇ ಕಿವಿಗೆ ಬೋಲ್ಟ್ ಸಿಕ್ಕಿಸಿ ಆರ್ಮ್ ನೇತುಹಾಕುವ ಅಭ್ಯಾಸ ಬಿಡಿ. ಎರಡು ಕಿವಿಯಿದ್ದರೆ ಬೋಲ್ಟ್ ಎರಡು ಕಡೆ ಭಾರ ಹಂಚಿಕೊಳ್ಳುತ್ತದೆ. ಒಂದೇ ಇದ್ದರೆ ಬೋಲ್ಟ್ ಬಾಗುತ್ತದೆ.

ಹಂತ 3: ಕತ್ತರಿಸುವುದು, ತೂತು ಕೊರೆಯುವುದು

ಐಎಸ್ 2062 ಇ250 ದರ್ಜೆಯ ಸಾದಾ ಮೈಲ್ಡ್ ಸ್ಟೀಲ್ 4 ಮಿ.ಮೀ. ತಗಡು ಬಗ್ಗಿಗೆ ಸಾಕು. ಲೇಸರಿನಲ್ಲಿ ಕತ್ತರಿಸುವುದಾದರೆ ತೂತನ್ನು 9.5 ಮಿ.ಮೀ.ಗೆ ಹಾಕಿಸಿ, ಆಮೇಲೆ ರೀಮರ್ ಹಾಕಿ 10ಕ್ಕೆ ತನ್ನಿ. ಡ್ರಿಲ್ ಮಾಡುವುದಾದರೆ ಜೋಡಿ ಕಿವಿಗಳನ್ನು ಒಂದರ ಮೇಲೊಂದಿಟ್ಟು ಬಿಗಿದು ಒಟ್ಟಿಗೇ ಕೊರೆಯಿರಿ. ಗ್ಯಾಸ್ ಕಟಿಂಗ್‌ನಲ್ಲಿ ತೂತು ಮಾಡಿಸಿದರೆ ಅದು ತೂತಾಗುವುದಿಲ್ಲ, ಗಾಯವಾಗುತ್ತದೆ.

ಕಿವಿಗಳ ನಡುವಿನ ಅಂತರ, ಆರ್ಮ್‌ನ ತುದಿಯಲ್ಲಿ ಕೂರುವ ಬುಷ್‌ನೊಳಗಿನ ಸ್ಟೀಲ್ ಸ್ಲೀವಿನ ಉದ್ದಕ್ಕಿಂತ 0.2ರಿಂದ 0.3 ಮಿ.ಮೀ. ಹೆಚ್ಚಿರಲಿ. ಬೋಲ್ಟ್ ಬಿಗಿದಾಗ ಕಿವಿಗಳು ಒತ್ತಬೇಕಾದದ್ದು ಸ್ಲೀವನ್ನು, ಬುಷ್‌ನ ರಬ್ಬರನ್ನಲ್ಲ.

ಹಂತ 4: ಚಾಸಿ ಮಟ್ಟ ಮಾಡಿ

ಚಾಸಿಯನ್ನು ಮಟ್ಟವಾದ ಕಬ್ಬಿಣದ ಮೇಜಿನ ಮೇಲೆ ಕಟ್ಟಿಹಾಕಿ. ಇಟ್ಟಿಗೆ ಮೇಲಿಟ್ಟ ಚಾಸಿಗೆ ಬ್ರಾಕೆಟ್ ಹಾಕಬೇಡಿ. ಹಿಂದಿನಿಂದ ಮುಂದಕ್ಕೆ ನಡುಗೆರೆಯ ದಾರ ಕಟ್ಟಿ, ತೂಗುಗುಂಡು ಬಿಟ್ಟು ಮೇಜಿನ ಮೇಲೆ ಗುರುತು ಹಾಕಿ. ಇನ್ನು ಮುಂದಿನ ಅಳತೆಯೆಲ್ಲ ಈ ಗೆರೆಯಿಂದಲೇ. ‘ಈ ಪೈಪಿನಿಂದ ಇಷ್ಟು’ ಎಂದು ಅಳೆಯಬೇಡಿ. ಪೈಪ್ ಎಲ್ಲಿದೆಯೆಂದು ಪೈಪಿಗೇ ಗೊತ್ತಿರುವುದಿಲ್ಲ.

ಹಂತ 5: ಸರಳು ತೂರಿಸಿ

ಇಡೀ ಲೇಖನದಲ್ಲಿ ಒಂದನ್ನಷ್ಟೇ ನೆನಪಿಡುವುದಾದರೆ ಇದನ್ನು ನೆನಪಿಡಿ.

ಒಂದು ಆರ್ಮ್‌ಗೆ ಮುಂದೊಂದು, ಹಿಂದೊಂದು ಬ್ರಾಕೆಟ್. ಒಂದೊಂದಕ್ಕೆ ಎರಡೆರಡು ಕಿವಿ. ಒಟ್ಟು ನಾಲ್ಕು ತೂತು. ಈ ನಾಲ್ಕೂ ಒಂದೇ ನೇರದಲ್ಲಿರಬೇಕು. ಬಾಗಿಲಿನ ಎರಡು ಕೀಲುಗಳನ್ನು ಬಡಗಿ ಒಂದೇ ನೇರಕ್ಕೆ ಕೂರಿಸದಿದ್ದರೆ ಬಾಗಿಲು ಹೇಗೆ ಕಿರುಗುಟ್ಟಿ ನಿಲ್ಲುತ್ತದೋ, ಆರ್ಮ್‌ನ ಕಥೆಯೂ ಅಷ್ಟೇ. ಆದರೆ ಹೆಚ್ಚಿನವರು ಮುಂದಿನ ಬ್ರಾಕೆಟ್ಟನ್ನು ಅಳತೆ ಹಿಡಿದು ವೆಲ್ಡ್ ಮಾಡಿ, ಟೀ ಕುಡಿದು ಬಂದು ಹಿಂದಿನದನ್ನು ಬೇರೆಯಾಗಿ ಅಳೆದು ವೆಲ್ಡ್ ಮಾಡುತ್ತಾರೆ. ಎರಡೂ ಅಳತೆ ಸರಿಯೇ ಇರುತ್ತವೆ, ಬೋಲ್ಟ್ ಮಾತ್ರ ಹೋಗುವುದಿಲ್ಲ. 200 ಮಿ.ಮೀ. ದೂರದ ಎರಡು ಬ್ರಾಕೆಟ್ಟುಗಳ ನಡುವೆ 1 ಮಿ.ಮೀ. ತಪ್ಪಿದರೂ ಅಕ್ಷ ಡಿಗ್ರಿಯ ಕಾಲು ಭಾಗಕ್ಕಿಂತ ಹೆಚ್ಚು ಓರೆಯಾಗುತ್ತದೆ. ಕಣ್ಣಿಗೆ ಕಾಣದು, ಬುಷ್‌ಗೆ ಗೊತ್ತಾಗುತ್ತದೆ.

ಪರಿಹಾರ ಸರಳ. 10 ಮಿ.ಮೀ. ಗ್ರೈಂಡಿಂಗ್ ಮಾಡಿದ ಬ್ರೈಟ್ ಬಾರ್ ಅರ್ಧ ಮೀಟರಿಗಿಂತ ತುಸು ಹೆಚ್ಚೇ ತನ್ನಿ. ತಂದದ್ದನ್ನು ದಪ್ಪ ಗಾಜಿನ ಮೇಲೆ ಉರುಳಿಸಿ, ಕಣ್ಣನ್ನು ಗಾಜಿನ ಮಟ್ಟಕ್ಕಿಳಿಸಿ ನೋಡಿ. ಉರುಳುವಾಗ ಬಾರಿನಡಿಯಲ್ಲಿ ಬೆಳಕಿನ ಗೆರೆ ಒಮ್ಮೆ ಮೂಡಿ ಒಮ್ಮೆ ಮಾಯವಾದರೆ ಬಾರ್ ಸೊಟ್ಟ. ಅಂಗಡಿಗೆ ವಾಪಸ್ ಕೊಡಿ. ಲೇತ್‌ನಲ್ಲಿ ಬುಷ್ ಸ್ಲೀವಿಗಿಂತ 0.3 ಮಿ.ಮೀ. ಉದ್ದದ ಸ್ಟೀಲ್ ಡಮ್ಮಿಗಳನ್ನು ಮಾಡಿಸಿ ಪ್ರತಿ ಜೋಡಿ ಕಿವಿಗಳ ನಡುವೆ ಇಡಿ. ನಾಲ್ಕು ಕಿವಿ, ಎರಡು ಡಮ್ಮಿ, ಎಲ್ಲದರೊಳಗೆ ಒಂದೇ ಬಾರ್ ತೂರಿಸಿ. ಇನ್ನು ನೀವು ಚಾಸಿಗೆ ಕೂರಿಸುತ್ತಿರುವುದು ಎರಡು ಬ್ರಾಕೆಟ್ಟುಗಳನ್ನಲ್ಲ, ಒಂದು ಬಾರನ್ನು. ಬಾರಿನ ಎರಡು ತುದಿಗಳನ್ನು ನಡುಗೆರೆಯಿಂದಲೂ ಮೇಜಿನಿಂದಲೂ ಅಳೆದು ನಿಲ್ಲಿಸಿ. ಬಾರ್ ಎರಡೂ ಕಡೆ ಉದ್ದಕ್ಕೆ ಚಾಚಿರಲಿ. ಬ್ರಾಕೆಟ್ಟಿನ ಬಳಿ ಅಡಗಿದ ತಪ್ಪು ಬಾರಿನ ತುದಿಯಲ್ಲಿ ಎದ್ದು ಕಾಣುತ್ತದೆ. ಎಡ ಬಲ ಎರಡಕ್ಕೂ ಬಾರ್ ಹಾಕಿ, ಹಿಂದೆ ನಡುಗೆರೆಯ ಮೇಲಿನ ಒಂದೇ ಬಿಂದುವಿನಿಂದ ಎರಡೂ ಬಾರುಗಳ ತುದಿಗೆ ಟೇಪ್ ಹಿಡಿಯಿರಿ. ಅಳತೆಗಳ ನಡುವೆ 1 ಮಿ.ಮೀ. ಒಳಗಿನ ವ್ಯತ್ಯಾಸ ನಡೆಯುತ್ತದೆ.

ಮೂರು ಬೇಡಗಳು. ಒಂದು, ಬಾರಿನ ಬದಲು ಉದ್ದಕ್ಕೂ ಥ್ರೆಡ್ ಇರುವ ಸ್ಟಡ್ ಬೇಡ. ನಟ್ ಹಾಕಿ ಬಿಗಿಯಲು ಸಲೀಸು ಎಂದು ಎಲ್ಲ ಶೆಡ್ಡುಗಳಲ್ಲೂ ಅದನ್ನೇ ಹಾಕುತ್ತಾರೆ. ಅದು ತೂತಿನಲ್ಲಿ ಸಡಿಲವಾಗಿ ಕೂರುತ್ತದೆ, ಬಿಗಿದರೆ ಬಾಗುತ್ತದೆ. ಎರಡು, ಅಸಲಿ ಬುಷ್, ರಾಡ್ ಎಂಡ್ ಹಾಕಿಕೊಂಡು ವೆಲ್ಡ್ ಮಾಡಬೇಡಿ. ರಬ್ಬರ್ ಕರಗುತ್ತದೆ, ರಾಡ್ ಎಂಡ್ ಎಲ್ಲ ಕಡೆ ತಿರುಗುವುದರಿಂದ ಬ್ರಾಕೆಟ್ಟಿನ ತಪ್ಪನ್ನು ಮುಚ್ಚಿಡುತ್ತದೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಬೋಲ್ಟ್ ಹೋಗದಿದ್ದಾಗ ದುಂಡು ಅರ ಹಿಡಿದು ತೂತು ದೊಡ್ಡದು ಮಾಡುವುದು. ‘ಚಲ್ತಾ ಹೈ ಸಾರ್’ ಎನ್ನುವವರು ಸಿಗುತ್ತಾರೆ. ಚಲ್ತಾ ನಹೀ. ಮೊಟ್ಟೆಯಾಕಾರದ ತೂತಿನಲ್ಲಿ ಬೋಲ್ಟ್ ಪ್ರತಿ ಗುಂಡಿಗೂ ಸುತ್ತಿಗೆಯ ಹಾಗೆ ಹೊಡೆಯುತ್ತದೆ, ತೂತು ಇನ್ನಷ್ಟು ಅಗಲವಾಗುತ್ತದೆ, ಚಕ್ರ ಮುಖ ಮಾಡುವ ದಿಕ್ಕು, ಅಂದರೆ ಟೋ, ದಿನಕ್ಕೊಂದು ಬಗೆಯಾಗುತ್ತದೆ. ತಪ್ಪಿದ್ದು ಕಂಡರೆ ಟ್ಯಾಕ್ (ತಾತ್ಕಾಲಿಕ ಚುಕ್ಕಿ ವೆಲ್ಡ್) ಕತ್ತರಿಸಿ ತೆಗೆದು ಮತ್ತೆ ಕೂರಿಸಿ. ಅರ್ಧ ಗಂಟೆಯ ಕೆಲಸ.

ಹಂತ 6: ಟ್ಯಾಕ್, ಪರೀಕ್ಷೆ, ವೆಲ್ಡ್

ವೆಲ್ಡ್ ಬರುವ ಜಾಗದ ಸುತ್ತ ಒಂದಂಗುಲ ಪೇಂಟ್, ತುಕ್ಕು, ಕರಿಪೊರೆ ಎಲ್ಲ ಉಜ್ಜಿ ಹೊಳಪು ಬರಿಸಿ. ಸತು ಲೇಪಿಸಿದ ಜಿಐ ತಗಡನ್ನು ಮುಟ್ಟಲೇಬೇಡಿ. ಅದರ ಹೊಗೆಗೆ ರಾತ್ರಿ ಜ್ವರ ಬರುತ್ತದೆ. ಅರ್ಥ್ ಕ್ಲ್ಯಾಂಪ್ ವೆಲ್ಡಿನ ಪಕ್ಕದಲ್ಲೇ ಇರಲಿ. ದೂರದ ಪೈಪಿಗೆ ಸಿಕ್ಕಿಸಿದರೆ ಕರೆಂಟ್ ಬೇರಿಂಗಿನ ಮೂಲಕ ಹಾದು ಅದನ್ನು ಸುಟ್ಟೀತು.

ಪ್ರತಿ ಕಿವಿಗೂ ಎರಡೂ ಬದಿ ಚಿಕ್ಕ ಟ್ಯಾಕ್ ಹಾಕಿ. ಈಗ ಬಾರ್ ತೆಗೆದು ಶಾಕ್ ಇಲ್ಲದೆ ಆರ್ಮ್ ಜೋಡಿಸಿ, ಪೂರ್ತಿ ಎತ್ತಿ ಬಿಡಿ. ತನ್ನ ಭಾರಕ್ಕೆ ತಾನೇ ಕೆಳಗಿಳಿದರೆ ಸೈ. ಗಟ್ಟಿ ರಬ್ಬರ್ ಬುಷ್ ಆದರೆ ಬೋಲ್ಟ್ ಸಡಿಲವಿಟ್ಟು ನೋಡಿ. ಸರಿಯಿದ್ದರೆ ಆರ್ಮ್ ಕಳಚಿ, ಬಾರ್ ಮತ್ತು ಡಮ್ಮಿ ಮತ್ತೆ ಹಾಕಿ, ಆಮೇಲೆ ಪೂರ್ತಿ ವೆಲ್ಡ್.

ತೆಳು ಪೈಪಿಗೆ ಆರ್ಗಾನ್ ವೆಲ್ಡಿಂಗ್ ಉತ್ತಮ, ಪಳಗಿದ ಕೈಯಾದರೆ ಸಿಒಟು ವೆಲ್ಡಿಂಗ್ ಕೂಡ ಸರಿ. ಆರ್ಕ್ ದಪ್ಪ ತಗಡಿನ ಕಡೆ ವಾಲಿರಲಿ, ಪೈಪಿನ ಮೇಲಲ್ಲ. ಒಮ್ಮೆಗೆ 20–25 ಮಿ.ಮೀ. ಮಾತ್ರ, ಮುಂದಿನ ಬ್ರಾಕೆಟ್ಟಿಗೆ ಒಂದು ಎಳೆ, ಆಮೇಲೆ ಹಿಂದಿನದಕ್ಕೆ, ಆಮೇಲೆ ಎದುರು ಬದಿಗೆ. ಒಂದೇ ಕಡೆ ಎಳೆದುಕೊಂಡು ಹೋದರೆ ಕಾದ ಲೋಹ ಆರುವಾಗ ಕಿವಿಯನ್ನು ತನ್ನತ್ತ ವಾಲಿಸುತ್ತದೆ. ಬೇಸಿಗೆಯಲ್ಲಿ ಶೆಡ್ಡಿನ ದೊಡ್ಡ ಫ್ಯಾನ್ ಆರಿಸಿಯೇ ವೆಲ್ಡ್ ಮಾಡಿಸಿ. ಗಾಳಿಗೆ ಗ್ಯಾಸ್ ಹಾರಿಹೋದರೆ ವೆಲ್ಡಿನಲ್ಲಿ ಸೂಜಿಮೊನೆಯ ತೂತುಗಳು ಬೀಳುತ್ತವೆ. ಕೆಂಪಗೆ ಕಾದ ವೆಲ್ಡಿಗೆ ನೀರು ಚಿಮುಕಿಸಬೇಡಿ. ಕ್ರೋಮೋಲಿ 4130 ಪೈಪ್ ಆದರಂತೂ ಗಡಸಾಗಿ ಬಿರುಕು ಬಿಡುತ್ತದೆ. ಅಂದಕ್ಕೆಂದು ವೆಲ್ಡನ್ನು ಗ್ರೈಂಡರಿನಿಂದ ಸಪಾಟು ಮಾಡುವುದೂ ಬೇಡ, ನೀವು ಸವೆಸುತ್ತಿರುವುದು ಬಲವನ್ನೇ.

ಪೂರ್ತಿ ಆರಿದ ಮೇಲೆ ಬಾರ್ ಕೈಯಿಂದಲೇ ಈಚೆ ಬರಬೇಕು. ಸುತ್ತಿಗೆ ಬೇಕಾಯಿತೆಂದರೆ ಅಕ್ಷ ಸರಿದಿದೆ ಎಂದೇ ಅರ್ಥ.

ಹಂತ 7: ಬೋಲ್ಟು, ತಪಾಸಣೆ

ಜಾಗ ಮುಗಿಯುತ್ತ ಬಂತು, ಉಳಿದದ್ದು ಪಟ್ಟಿಯಾಗಿ.

• ಬೋಲ್ಟ್ 8.8 ದರ್ಜೆಗಿಂತ ಕಡಿಮೆ ಬೇಡ. ತಲೆಯ ಮೇಲಿನ ಅಂಕಿ ನೋಡಿಯೇ ಕೊಳ್ಳಿ. ಕಿವಿಯೊಳಗೆ ನುಣುಪು ಮೈ ಬರಬೇಕು, ಥ್ರೆಡ್ ಅಲ್ಲ.

• ನೈಲಾಕ್ ನಟ್ ಹಾಕಿ. ನಟ್ ದಾಟಿ ಎರಡು ಸುತ್ತು ಥ್ರೆಡ್ ಹೊರಗೆ ಕಾಣಬೇಕು. ಬಾಜಾ ತಪಾಸಣೆಯಲ್ಲೂ ಇದನ್ನು ನೋಡುತ್ತಾರೆ. ಬಿಚ್ಚಿದ ನೈಲಾಕ್ ಮತ್ತೆ ಬಳಸಬೇಡಿ.

• ರಬ್ಬರ್ ಬುಷ್ ಇದ್ದರೆ ಕೊನೆಯ ಬಿಗಿತ ಗಾಡಿ ಚಕ್ರದ ಮೇಲೆ ನಿಂತಾಗ, ಚಾಲಕ ಕೂತಾಗ.

• ಪೇಂಟಿಗೆ ಮೊದಲು ಡೈ ಪೆನಿಟ್ರೆಂಟ್ ಪರೀಕ್ಷೆ: ಕೆಂಪು ದ್ರವ ಸಿಂಪಡಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿ. ಬಿಳಿಯಲ್ಲಿ ಕೂದಲೆಳೆಯ ಕೆಂಪು ಗೆರೆ ಮೂಡಿದರೆ ಅದು ಬಿರುಕು.

• ನಟ್‌ಗೂ ಬ್ರಾಕೆಟ್ಟಿಗೂ ಸೇರಿಸಿ ಪೇಂಟಿನ ಗೆರೆ ಎಳೆಯಿರಿ. ಪ್ರತಿ ಓಟದ ನಂತರ ಗೆರೆ ಮುರಿದಿದೆಯೇ ನೋಡಿ.

ಎಚ್ಚರಿಕೆ: ಇದೆಲ್ಲ ಸ್ಪರ್ಧೆಯ, ಖಾಸಗಿ ಮೈದಾನದ ಗಾಡಿಗಷ್ಟೇ. ರಸ್ತೆಯಲ್ಲಿ ಓಡುವ ನೋಂದಾಯಿತ ಜೀಪಿಗೆ ಬ್ರಾಕೆಟ್ ಬೆಸೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ನಿರ್ದಿಷ್ಟತೆಗೆ ವಿರುದ್ಧದ ಬದಲಾವಣೆಗೆ ಅವಕಾಶ ಕೊಡುವುದಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. 182ಎ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ, ಅಥವಾ ಬದಲಾವಣೆಯೊಂದಕ್ಕೆ 5,000 ರೂಪಾಯಿ ದಂಡ, ಅಥವಾ ಎರಡೂ. ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯುತ್ತಾರೆ.